ಎರಡು ಚಿತ್ರಗಳ ನಡುವೆ

ಟೈಮ್‌ಲ್ಯಾಪ್ಸ್ ತೋರಿಸಿದಾಗ ನೋಡುಗರಿಂದ ಎರಡು ಬಗೆಯ ಮಾತು ಬರುತ್ತದೆ. ಒಂದು, ‘ಅಬ್ಬಾ, ನಮ್ಮ ಕಣ್ಣಿಗೆ ಕಾಣದ್ದನ್ನು ಕಾಣಿಸಿದಿರಿ’ ಎಂಬುದು. ಇನ್ನೊಂದು ಫಿಲಂ ಕಾಲದಲ್ಲಿ ಕ್ಯಾಮೆರಾ ಹಿಡಿದ ಹಿರಿಯರದು: ‘ಇದೆಲ್ಲ ಕಂಪ್ಯೂಟರಿನ ಕೈಚಳಕ ಕಣ್ರೀ, ಮೋಡ ಎಲ್ಲಾದರೂ ಹಾಗೆ ಓಡುತ್ತದೆಯೇ?’ ಕುದುರೆಮುಖದ ಸಾಲುಬೆಟ್ಟಗಳನ್ನು ಏರಿ ಇಳಿಯುವ ಮಂಜನ್ನು ಅರ್ಧ ನಿಮಿಷಕ್ಕೆ ಇಳಿಸಿ ತೋರಿಸುವುದೇ ಕಸುಬಾಗಿರುವ ನನಗೆ ಮೊದಲನೆಯದು ಕೇಳಲು ಹಿತ, ಎರಡನೆಯದು ಕಿರಿಕಿರಿ. ಆದರೆ ಎರಡೂ ಒಂದೇ ನಂಬಿಕೆಯ ಮೇಲೆ ನಿಂತಿವೆ. ಕಾಲಕ್ಕೆ ಒಂದು ಸರಿಯಾದ ವೇಗವಿದೆ, ಅದು ನಮ್ಮ ಕಣ್ಣಿನ ವೇಗ, ಕ್ಯಾಮೆರಾ ಅದನ್ನು ಮೀರಿ ಗುಟ್ಟು ಬಯಲು ಮಾಡುತ್ತದೆ ಅಥವಾ ಅದಕ್ಕೆ ಮೋಸ ಮಾಡುತ್ತದೆ ಎಂಬ ನಂಬಿಕೆ ಅದು.

ನನ್ನ ವಾದ ಬೇರೆ. ಟೈಮ್‌ಲ್ಯಾಪ್ಸ್‌ನಲ್ಲಿ ನಿಜವಾಗಿ ನಡೆಯುವುದು ಒಂದು ಆಯ್ಕೆ: ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಎಷ್ಟು ಹೊತ್ತಿನ ಅಂತರ ಬಿಡಬೇಕು ಎಂಬುದು. ಚೌಕಟ್ಟಿನೊಳಗೆ ಯಾವ ಮರ ಇರಬೇಕು, ಯಾವ ವಿದ್ಯುತ್ ಕಂಬ ಹೊರಗುಳಿಯಬೇಕು ಎಂದು ಗಂಟೆಗಟ್ಟಲೆ ಚರ್ಚಿಸುವ ನಾವು ಈ ಅಂತರದ ಬಗ್ಗೆ ಚರ್ಚಿಸುವುದೇ ಇಲ್ಲ. ಚೌಕಟ್ಟು ಜಾಗದಲ್ಲಿ ಏನು ಮಾಡುತ್ತದೋ ಅಂತರ ಕಾಲದಲ್ಲಿ ಅದನ್ನೇ ಮಾಡುತ್ತದೆ; ಕೆಲವನ್ನು ಒಳಗೆ ಕರೆದುಕೊಳ್ಳುತ್ತದೆ, ಉಳಿದದ್ದನ್ನು ಇಲ್ಲವೆನ್ನಿಸುತ್ತದೆ. ನಾವು ರೂಢಿಯಿಂದ ಆರಿಸಿಕೊಂಡಿರುವ ಅಂತರವಂತೂ ನಮ್ಮ ನೆಲವನ್ನು ಈಗಿರುವಂತೆ ಮಾಡಿದ ಸಂಗತಿಗಳನ್ನೇ ಇಲ್ಲವೆನ್ನಿಸುವಂಥದು.

ಲೆಕ್ಕ ಸರಳ. ಟ್ರೈಪಾಡ್ ಮೇಲೆ ಕ್ಯಾಮೆರಾ ಕೂರಿಸಿ, ಐದು ಸೆಕೆಂಡಿಗೊಂದು ಚಿತ್ರ ತೆಗೆಯುವಂತೆ ಇಂಟರ್ವಲೋಮೀಟರ್ ಹೊಂದಿಸಿದರೆ ಗಂಟೆಗೆ 720 ಚಿತ್ರ. ಸೆಕೆಂಡಿಗೆ 24ರಂತೆ ಓಡಿಸಿದರೆ ಆ ಒಂದು ಗಂಟೆ 30 ಸೆಕೆಂಡಿನಲ್ಲಿ ಮುಗಿಯುತ್ತದೆ. ಆಕಾಶದಲ್ಲಿ ಸೂರ್ಯ ತನ್ನ ಬಿಂಬದ ಅಗಲದಷ್ಟು ಸರಿಯಲು ಸುಮಾರು ಎರಡು ನಿಮಿಷ ಬೇಕು. ಈ ಲೆಕ್ಕದಲ್ಲಿ ಪರದೆಯ ಮೇಲೆ ಒಂದು ಸೆಕೆಂಡ್. ಕಣ್ಣಿಗೆ ಬಹಳ ಹಿತವಾದ ನಡೆ ಅದು. ವೇಗದ ಮೋಡಕ್ಕೆ ಎರಡು ಸೆಕೆಂಡ್, ನಕ್ಷತ್ರಕ್ಕೆ ಇಪ್ಪತ್ತೈದು ಮೂವತ್ತು ಸೆಕೆಂಡ್, ಕಟ್ಟಡದ ಕಾಮಗಾರಿಗೆ ಹತ್ತು ಹದಿನೈದು ನಿಮಿಷ ಎಂಬ ಪಟ್ಟಿ ಎಲ್ಲ ಕಾರ್ಯಾಗಾರಗಳಲ್ಲೂ ಕೈಯಿಂದ ಕೈಗೆ ದಾಟುತ್ತದೆ. ಅದು ಹುಟ್ಟಿದ್ದು ‘ಯಾವ ಚಲನೆ ಪರದೆಯ ಮೇಲೆ ನುಣುಪಾಗಿ ಕಾಣುತ್ತದೆ’ ಎಂಬ ಪ್ರಶ್ನೆಯಿಂದ. ‘ಈ ಜಾಗದಲ್ಲಿ ಏನು ನಡೆಯುತ್ತಿದೆ’ ಎಂಬ ಪ್ರಶ್ನೆಯಿಂದ ಹುಟ್ಟಿದ್ದರೆ ಅದರಲ್ಲಿ ಬೇರೆಯೇ ಅಂಕಿಗಳಿರುತ್ತಿದ್ದವು.

ಒಂದೇ ಒಂದು ಸ್ಥಿರಚಿತ್ರ ಸಾಕು, ಅದೇ ಪ್ರಾಮಾಣಿಕ ಎನ್ನುವ ಹಿರಿಯರಿಗೆ ಛಾಯಾಗ್ರಹಣದ ಮೊಟ್ಟಮೊದಲ ಪುಟಗಳನ್ನೇ ತೋರಿಸಬೇಕಾಗುತ್ತದೆ. ಫ್ರಾನ್ಸಿನ ನೀಸೆಫೋರ್ ನಿಯೆಪ್ಸ್ 1826-27ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ ತೆಗೆದ, ಈಗ ಉಳಿದಿರುವ ಅತ್ಯಂತ ಹಳೆಯ ಕ್ಯಾಮೆರಾ ಚಿತ್ರದಲ್ಲಿ ಎಡಗಡೆಯ ಗೋಡೆಗೂ ಬಿಸಿಲಿದೆ, ಬಲಗಡೆಯ ಗೋಡೆಗೂ ಬಿಸಿಲಿದೆ. ಎಕ್ಸ್‌ಪೋಷರ್ ಅಷ್ಟು ಉದ್ದವಾಗಿತ್ತು. ಎಂಟು ಗಂಟೆಗೂ ಕಡಿಮೆಯಿಲ್ಲ ಎನ್ನುತ್ತಾರೆ. ಬೆಳಗ್ಗೆಯೂ ಸಂಜೆಯೂ ಒಂದೇ ತಗಡಿನ ಮೇಲೆ ಕುಳಿತಿವೆ. 1838ರಲ್ಲಿ ದಾಗೆರ್ ಪ್ಯಾರಿಸ್ಸಿನ ಬುಲ್ವಾರ್ ದ್ಯು ತಾಂಪ್ಲ್ ಬೀದಿಯನ್ನು ಚಿತ್ರಿಸಿದ. ಬಂಡಿಗಳೂ ಜನರೂ ಕಿಕ್ಕಿರಿಯುತ್ತಿದ್ದ ಬೀದಿ. ಚಿತ್ರದಲ್ಲಿ ಬಿಕೋ ಎನ್ನುತ್ತಿದೆ. ಕೆಲವು ನಿಮಿಷಗಳ ಎಕ್ಸ್‌ಪೋಷರ್‌ನಲ್ಲಿ ನಡೆದಾಡಿದವರೆಲ್ಲ ಅಳಿಸಿಹೋಗಿದ್ದಾರೆ. ಸ್ಪಷ್ಟವಾಗಿ ಉಳಿದಿರುವುದು ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದು ಕಾಲೆತ್ತಿ ನಿಂತ ಒಬ್ಬನ ಆಕೃತಿ. ಪಾಲಿಶ್ ಮಾಡುತ್ತಿದ್ದವನು ಮಸುಕು, ಏಕೆಂದರೆ ಅವನ ಕೈ ಆಡುತ್ತಿತ್ತು. ದುಡಿಯುತ್ತಿದ್ದವನು ಮಸುಕಾಗಿ, ನಿಂತು ದುಡಿಸಿಕೊಂಡವನು ಚರಿತ್ರೆಯಲ್ಲಿ ಉಳಿದ ಈ ವಿಚಿತ್ರಕ್ಕೆ ಮತ್ತೆ ಬರುತ್ತೇನೆ.

ಇವು ಹಳೆಯ ಕಥೆಗಳು ಎನ್ನುವುದಾದರೆ ಜೋಗಕ್ಕೇ ಹೋಗೋಣ. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ, ಶಟರನ್ನು ಕೆಲವು ಸೆಕೆಂಡು ತೆರೆದಿಟ್ಟು, ನೀರನ್ನು ಹಾಲಿನ ನೊರೆಯಂತೆ ನುಣ್ಣಗೆ ಇಳಿಸಿದ ಚಿತ್ರ ಯಾವ ಕ್ಯಾಲೆಂಡರಿನಲ್ಲಿಲ್ಲ? ಅಂಥ ನೀರನ್ನು ಜೋಗದಲ್ಲಿ ಕಣ್ಣಾರೆ ಕಂಡವರು ಯಾರೂ ಇಲ್ಲ. ಅದೇ ನೀರನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಹಿಡಿದರೆ ಹನಿಹನಿಯೂ ಗಾಜಿನ ಚೂರಾಗಿ ಗಾಳಿಯಲ್ಲಿ ತೂಗುತ್ತದೆ. ಅದನ್ನೂ ಯಾರೂ ಕಂಡಿಲ್ಲ. ಸ್ಥಿರಚಿತ್ರಕ್ಕೂ ಒಂದು ಅವಧಿ ಇದ್ದೇ ಇದೆ. ಹೀಗಿರುವಾಗ ಟೈಮ್‌ಲ್ಯಾಪ್ಸ್ ಮಾತ್ರ ಮೋಸ ಎನ್ನುವುದು ನ್ಯಾಯವಲ್ಲ. ಮೋಸವೋ ಅಲ್ಲವೋ ಎಂಬ ಪ್ರಶ್ನೆಯನ್ನೇ ಕೈಬಿಟ್ಟು, ಇಂಥ ಅಂತರ ಯಾರನ್ನು ಉಳಿಸಿಕೊಂಡಿತು, ಯಾರನ್ನು ಅಳಿಸಿತು ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ.

ಮಲೆನಾಡಿನ ಒಂದು ಗದ್ದೆಬಯಲನ್ನು ತೆಗೆದುಕೊಳ್ಳಿ. ಜುಲೈ ತಿಂಗಳು, ನಾಟಿಯ ಸಮಯ. ಎದುರಿನ ದಿಣ್ಣೆಯ ಮೇಲೆ ಕ್ಯಾಮೆರಾ. ಸಾಧಾರಣ ವಿಡಿಯೊ ತೆಗೆದರೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬಗ್ಗಿದ ಹೆಂಗಸರ ಸಾಲು ಕಾಣುತ್ತದೆ, ಸಸಿಯ ಕಟ್ಟು ಎಸೆಯುವ ಹುಡುಗ ಕಾಣುತ್ತಾನೆ, ಮಾತು ನಗೆ ಕೇಳುತ್ತದೆ. ನೆಲ ಮಾತ್ರ ಬದಲಾದಂತೆ ತೋರುವುದಿಲ್ಲ. ಎರಡು ಸೆಕೆಂಡಿನ ಅಂತರ ಇಟ್ಟರೆ ಮೋಡ ಚೆನ್ನಾಗಿ ಓಡುತ್ತದೆ, ಮಳೆಯ ಪರದೆ ಬಯಲನ್ನು ಹಾದುಹೋಗುವುದು ಸೊಗಸಾಗಿ ಕಾಣುತ್ತದೆ; ಹೆಂಗಸರು ಹಳೆಯ ಮೂಕಿ ಸಿನಿಮಾದವರಂತೆ ಚಕಚಕನೆ ಕುಣಿಯುತ್ತಾರೆ. ಹಾಸ್ಯವಾಗಿಬಿಡುತ್ತದೆ. ಆದ್ದರಿಂದಲೇ ಬಹಳ ಮಂದಿ ಚಿತ್ರಗ್ರಾಹಕರು ಜನ ಹೋದಮೇಲೆ ಶುರು ಮಾಡುತ್ತಾರೆ, ಇಲ್ಲವೆ ಜನರಿಲ್ಲದ ಕಡೆ ಕ್ಯಾಮೆರಾ ತಿರುಗಿಸುತ್ತಾರೆ. ಹತ್ತು ನಿಮಿಷದ ಅಂತರದಲ್ಲಿ ಜನ ಅಲ್ಲೊಂದು ಇಲ್ಲೊಂದು ಚುಕ್ಕೆ. ಕೆಸರುಬಣ್ಣದ ಗದ್ದೆ ಒಂದು ಅಂಚಿನಿಂದ ತಾನಾಗಿ ಹಸಿರಾಗುತ್ತ ಹೋಗುತ್ತದೆ. ದಿನಕ್ಕೊಂದು ಚಿತ್ರದಂತೆ ಸುಗ್ಗಿಯವರೆಗೆ ಮುಂದುವರಿಸಿದರೆ ನೀರು, ಹಸಿರು, ಹೊನ್ನು, ಕೂಳೆ ಒಂದಾದ ಮೇಲೊಂದು ಬರುತ್ತವೆ. ಅದ್ಭುತ ದೃಶ್ಯ. ಅದರಲ್ಲಿ ಒಬ್ಬರೇ ಒಬ್ಬರು ಮನುಷ್ಯರಿಲ್ಲ. ಗದ್ದೆ ತನ್ನಷ್ಟಕ್ಕೆ ತಾನೇ ಬೆಳೆದು ತನ್ನಷ್ಟಕ್ಕೆ ತಾನೇ ಕಟಾವಾಗಿದೆ.

ಇದರ ಕೆಳಗೆ ‘ಪ್ರಕೃತಿಯ ಸೊಬಗು’ ಎಂದು ಬರೆದು ಕೊಳಲಿನ ಸಂಗೀತ ಹಾಕಿದರೆ ಮುಗಿಯಿತು. (ಕೊಳಲೇ ಯಾಕೆ ಬೇಕು ಎಂಬುದು ಬೇರೆ ಚರ್ಚೆ. ಮಲೆನಾಡಿನ ಮಳೆಗಾಲದಲ್ಲಿ ಜೀರುಂಡೆ, ಕಪ್ಪೆ ಮತ್ತು ಪಂಪ್‌ಸೆಟ್ಟಿನ ಸದ್ದು ಬಿಟ್ಟು ಕೊಳಲು ಕೇಳಿದ್ದು ನನಗೆ ನೆನಪಿಲ್ಲ.) ಗದ್ದೆ ಎಂಬುದು ಪ್ರಕೃತಿಯಲ್ಲ, ಬದು ಕಟ್ಟಿ, ಮಟ್ಟ ಮಾಡಿ, ನೀರು ತಿರುಗಿಸಿ ತಲೆಮಾರುಗಳು ಮಾಡಿದ ಕೆಲಸ. ದಾಗೆರ್‌ನ ಬೀದಿಯಲ್ಲಿ ಪಾಲಿಶ್ ಹುಡುಗನಿಗೆ ಆದದ್ದೇ ಇಲ್ಲಿ ನಾಟಿ ಹೆಂಗಸರಿಗೆ ಆಗುತ್ತದೆ. ಅವನ ವಿಷಯದಲ್ಲಿ ತಂತ್ರದ ಮಿತಿ ಅನಿವಾರ್ಯವಾಗಿತ್ತು. ನಮ್ಮ ವಿಷಯದಲ್ಲಿ ಅದು ಮೆನುವಿನಲ್ಲಿ ನಾವೇ ಒತ್ತಿದ ಅಂಕಿ.

ಈ ಅಳಿಸುವಿಕೆ ಟೈಮ್‌ಲ್ಯಾಪ್ಸ್ ಹುಟ್ಟಿದಂದಿನಿಂದಲೂ ಜೊತೆಗಿದೆ. 1901ರಲ್ಲಿ ನ್ಯೂಯಾರ್ಕಿನ ಸ್ಟಾರ್ ಥಿಯೇಟರ್ ಕೆಡವುವುದನ್ನು ಎದುರುಗಡೆಯಿಂದ, ಹಗಲು ಹೊತ್ತು ನಾಲ್ಕು ನಿಮಿಷಕ್ಕೊಂದು ಚಿತ್ರದಂತೆ, ಬಯೋಗ್ರಾಫ್ ಕಂಪನಿಯವರು ಚಿತ್ರಿಸಿದರು. ದೊಡ್ಡ ಕಟ್ಟಡ ಮೇಲಿನಿಂದ ಕೆಳಕ್ಕೆ ಕರಗಿಹೋಗುತ್ತದೆ. ಪ್ರದರ್ಶಕರು ಬೇಕೆಂದರೆ ಅದನ್ನು ತಿರುಗಿಸಿ ಓಡಿಸಿ ಕಟ್ಟಡ ಏಳುವಂತೆಯೂ ಮಾಡಬಹುದಿತ್ತು. ಸುತ್ತಿಗೆ ಹಿಡಿದವರು ಆ ಚಿತ್ರದಲ್ಲಿ ಲೆಕ್ಕಕ್ಕಿಲ್ಲ. ಇವತ್ತು ಮೆಟ್ರೊ ಮಾರ್ಗ, ಫ್ಲೈಓವರ್, ಬಹುಮಹಡಿ ಕಟ್ಟಡಗಳ ಜಾಹೀರಾತಿಗೆ ಮಾಡುವ ಟೈಮ್‌ಲ್ಯಾಪ್ಸ್‌ಗಳೆಲ್ಲ ಅದರ ಮೊಮ್ಮಕ್ಕಳು. ಕಾಮಗಾರಿ ಎಷ್ಟು ವರ್ಷ ತಡವಾಯಿತು, ಧೂಳು ಕುಡಿದವರು ಯಾರು ಎಂಬುದೆಲ್ಲ ಎರಡು ಚಿತ್ರಗಳ ನಡುವಿನ ಕತ್ತಲಲ್ಲಿ ಹೂತುಹೋಗುತ್ತದೆ. ಉಳಿಯುವುದು ಸರಾಗವಾಗಿ ಮೇಲೇಳುವ ಕಾಂಕ್ರೀಟ್. ಗುತ್ತಿಗೆದಾರರು ಈ ಪ್ರಕಾರವನ್ನು ಇಷ್ಟಪಡುವುದರಲ್ಲಿ ಆಶ್ಚರ್ಯವಿಲ್ಲ.

ಗಾಡ್‌ಫ್ರಿ ರೆಜಿಯೊ ನಿರ್ದೇಶಿಸಿ ರಾನ್ ಫ್ರಿಕೆ ಚಿತ್ರೀಕರಿಸಿದ 1982ರ ‘ಕೊಯಾನಿಸ್ಕಾಟ್ಸಿ’ಯನ್ನು ಇದಕ್ಕೆ ಎದುರಿಟ್ಟು ನೋಡಬೇಕು. ಅಲ್ಲಿಯೂ ರೈಲು ನಿಲ್ದಾಣದ ಜನ ದ್ರವದಂತೆ ಹರಿಯುತ್ತಾರೆ, ಹೆದ್ದಾರಿಯ ದೀಪಗಳು ರಕ್ತನಾಳದಂತೆ ಮಿಡಿಯುತ್ತವೆ. ಆದರೆ ಮನುಷ್ಯರನ್ನು ಹಾಗೆ ಹರಿಸುವುದೇ ಆ ಚಿತ್ರದ ಮಾತು: ಈ ನಗರಜೀವನದ ವೇಗದಲ್ಲಿ ವ್ಯಕ್ತಿ ಉಳಿಯುವುದಿಲ್ಲ ಎಂಬುದನ್ನು ಅಂತರದ ಮೂಲಕವೇ ಹೇಳಲಾಗಿದೆ. ನಡುನಡುವೆ ಅದು ನಿಧಾನಗತಿಗೆ ಇಳಿದು ಒಬ್ಬೊಬ್ಬರ ಮುಖವನ್ನು ದೀರ್ಘವಾಗಿ ದಿಟ್ಟಿಸುತ್ತದೆ. ಅಳಿಸಿದ್ದೇನೆ ಎಂದು ತಿಳಿದೇ ಅಳಿಸುವುದಕ್ಕೂ ಅಳಿಸಿದ್ದು ಗೊತ್ತೇ ಇಲ್ಲದಿರುವುದಕ್ಕೂ ಇರುವ ದೂರ ದೊಡ್ಡದು. ಆ ಚಿತ್ರದ ಸಾವಿರಾರು ಅನುಕರಣೆಗಳು ಎತ್ತಿಕೊಂಡದ್ದು ವೇಗವನ್ನು ಮಾತ್ರ.

ಇಷ್ಟು ಹೇಳಿದ ಮಾತ್ರಕ್ಕೆ ಅಳಿಸುವುದೆಲ್ಲ ಕೆಟ್ಟದ್ದು ಎಂದಾಗುವುದಿಲ್ಲ. ಪ್ರಶ್ನೆ ಸ್ಪಷ್ಟವಾಗಿದ್ದರೆ ಅಳಿಸುವಿಕೆಯೇ ಜ್ಞಾನ. ಕ್ಯಾಮೆರಾ ಇಲ್ಲದೆಯೇ ಈ ಕೆಲಸ ಮಾಡಿದವನು ಡಾರ್ವಿನ್. ಸಸ್ಯಗಳ ಚಲನೆಯ ಬಗ್ಗೆ ಅವನೂ ಮಗ ಫ್ರಾನ್ಸಿಸನೂ 1880ರಲ್ಲಿ ಪ್ರಕಟಿಸಿದ ಪುಸ್ತಕದ ಹಿಂದಿನ ಪ್ರಯೋಗ ಹೀಗಿತ್ತು: ಗಿಡದ ಮುಂದೆ ಗಾಜಿನ ಹಲಗೆ ಇಟ್ಟು, ಆಗಾಗ ಚಿಗುರಿನ ತುದಿ ಎಲ್ಲಿದೆಯೆಂದು ಗಾಜಿನ ಮೇಲೆ ಚುಕ್ಕೆ ಹಾಕುವುದು, ಕೊನೆಗೆ ಚುಕ್ಕೆಗಳನ್ನು ಗೆರೆಯಿಂದ ಕೂಡಿಸುವುದು. ಗಿಡ ತೂಗಾಡುತ್ತ, ಸುತ್ತು ಹಾಕುತ್ತ ಬೆಳೆಯುವುದು ಆ ಗೆರೆಯಲ್ಲಿ ಮೂಡಿಬಂತು. ಅದು ಅಪ್ಪಟ ಟೈಮ್‌ಲ್ಯಾಪ್ಸ್. 1910ರಲ್ಲಿ ಬ್ರಿಟನ್ನಿನ ಪರ್ಸಿ ಸ್ಮಿತ್ ‘ದ ಬರ್ತ್ ಆಫ್ ಎ ಫ್ಲವರ್’ ಚಿತ್ರದಲ್ಲಿ ಮೊಗ್ಗುಗಳು ಅರಳುವುದನ್ನು ಪರದೆಗೆ ತಂದ. ನಮ್ಮ ಜಗದೀಶಚಂದ್ರ ಬೋಸರು ಹಿಡಿದದ್ದು ಇನ್ನೊಂದು ದಾರಿ. ಕಾಲವನ್ನು ಕುಗ್ಗಿಸುವ ಬದಲು ಬೆಳವಣಿಗೆಯನ್ನೇ ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೊಗ್ರಾಫನ್ನು ಅವರು ರಚಿಸಿದರು. ಇವರೆಲ್ಲರಿಗೂ ತಾವು ಏನು ಕೇಳುತ್ತಿದ್ದೇವೆ ಎಂಬುದು ಗೊತ್ತಿತ್ತು. ಅಂತರವನ್ನು ಪ್ರಶ್ನೆ ನಿರ್ಧರಿಸಿತು.

ಲಡಾಖಿನ ಹಾನ್ಲೆಯಿಂದ 2025ರ ಆರಂಭದಲ್ಲಿ ಬಂದ ಒಂದು ಚಿತ್ರ ಈ ಮಾತಿಗೆ ಬಹಳ ಒಳ್ಳೆಯ ನಿದರ್ಶನ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಅಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಎಂಜಿನಿಯರ್ ದೋರ್ಜೆ ಆಂಗ್‌ಚುಕ್ ಭೂಮಿಯ ಒಂದು ಪೂರ್ತಿ ದಿನವನ್ನು ಟೈಮ್‌ಲ್ಯಾಪ್ಸ್ ಮಾಡಿದರು. ನಕ್ಷತ್ರಗಳ ಟೈಮ್‌ಲ್ಯಾಪ್ಸ್ ಹೊಸದೇನಲ್ಲ; ಬೆಟ್ಟ ನಿಂತಿರುತ್ತದೆ, ಆಕಾಶಗಂಗೆ ಅದರ ಮೇಲೆ ಹಾದುಹೋಗುತ್ತದೆ, ಎಲ್ಲರೂ ನೋಡಿದ್ದೇವೆ. ಅವರು ಕ್ಯಾಮೆರಾವನ್ನು ಆಕಾಶದ ಜೊತೆ ತಿರುಗುವಂತೆ ಮಾಡಿದರು. ಆಗ ನಕ್ಷತ್ರಗಳು ನಿಂತಲ್ಲೇ ನಿಂತವು; ಕೆಳಗಿನ ಬೆಟ್ಟ, ಬಯಲು, ಕಟ್ಟಡ ಎಲ್ಲವೂ ವಾಲಿ, ತಲೆಕೆಳಗಾಗಿ, ಸುತ್ತಿ ಬಂದವು. ಭೂಮಿ ತಿರುಗುತ್ತದೆ ಎಂದು ಮೂರನೇ ತರಗತಿಯಲ್ಲಿ ಓದಿ ಪಾಸಾದ ನಮಗೆ ಅದು ತಿರುಗುವುದು ಹೊಟ್ಟೆಯಲ್ಲಿ ತಳಮಳವಾಗುವಂತೆ ಅನುಭವಕ್ಕೆ ಬರುತ್ತದೆ.

ಆ ಚಿತ್ರದಿಂದ ನಾನು ಕಲಿತದ್ದು ಖಗೋಳಕ್ಕಿಂತ ಹೆಚ್ಚಾಗಿ ನನ್ನ ಕಸುಬಿನ ಪಾಠ. ಪ್ರತಿ ಟೈಮ್‌ಲ್ಯಾಪ್ಸ್ ಏನನ್ನೋ ಒಂದನ್ನು ಕದಲದಂತೆ ಹಿಡಿದಿಡುತ್ತದೆ. ಕದಲದೆ ಉಳಿದದ್ದು ಆಧಾರ, ಕದಲಿದ್ದು ಘಟನೆ. ನಾವು ಯಾವಾಗಲೂ ನೆಲವನ್ನೇ ಹಿಡಿದಿಡುತ್ತೇವೆ. ಮೋಡ, ಬೆಳಕು, ಮಂಜು ಓಡುತ್ತವೆ, ಬೆಟ್ಟ ಇರುತ್ತದೆ. ಹೀಗೆ ನೂರಾರು ಚಿತ್ರ ನೋಡಿ ನೋಡಿ ನೋಡುಗನ ಮನಸ್ಸಿನಲ್ಲಿ ಒಂದು ತತ್ವ ಇಳಿದುಬಿಡುತ್ತದೆ: ಹವೆ ಬದಲಾಗುತ್ತದೆ, ನೆಲ ಬದಲಾಗುವುದಿಲ್ಲ. ಕಳೆದ ಎಪ್ಪತ್ತೆಂಬತ್ತು ವರ್ಷಗಳಲ್ಲಿ ಕರ್ನಾಟಕದ ನೆಲಕ್ಕೆ ಏನಾಗಿದೆ ಎಂದು ಬಲ್ಲವರಿಗೆ ಇದಕ್ಕಿಂತ ದೊಡ್ಡ ಸುಳ್ಳಿಲ್ಲ. ಸಂಡೂರಿನ ಬೆಟ್ಟಗಳ ಗೆರೆಯೇ ಗಣಿಗಾರಿಕೆಯಲ್ಲಿ ಬದಲಾಯಿತು. 2018ರ ಆಗಸ್ಟಿನಲ್ಲಿ ಕೊಡಗಿನ ಇಳಿಜಾರುಗಳು ಮನೆ ತೋಟಗಳ ಸಮೇತ ಜಾರಿದವು.

ಜೋಗದ ವಿಷಯ ಇನ್ನೂ ಸೂಕ್ಷ್ಮ. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲಾಗಿ ಬೀಳುವ ಶರಾವತಿಯನ್ನು ನಾವು ಕನ್ನಡನಾಡಿನ ಪ್ರಕೃತಿಗೆ ಮುದ್ರೆಯಾಗಿ ಒಪ್ಪಿಕೊಂಡಿದ್ದೇವೆ. ಅಲ್ಲಿ ಕ್ಯಾಮೆರಾ ಇಟ್ಟು ಮಧ್ಯಾಹ್ನವೆಲ್ಲ ಕಾದರೆ ಸಿಗುವ ಟೈಮ್‌ಲ್ಯಾಪ್ಸ್ ಮನಸೂರೆಗೊಳ್ಳುವಂಥದು ಎಂಬುದರಲ್ಲಿ ಎರಡು ಮಾತಿಲ್ಲ. ಕಣಿವೆಯ ತಳದಿಂದ ಮಂಜು ಎದ್ದು ಬಂದು ನಾಲ್ಕೂ ಧಾರೆಗಳನ್ನು ನುಂಗುತ್ತದೆ. ಗಾಳಿಯ ದಿಕ್ಕು ಬದಲಾದೊಡನೆ ಮೊದಲು ರಾಜನ ತಲೆ, ಆಮೇಲೆ ರಾಕೆಟ್ಟಿನ ನಡು, ಹೀಗೆ ಚೂರುಚೂರಾಗಿ ಬಿಟ್ಟುಕೊಡುತ್ತದೆ. ಕಣ್ಣೆದುರು ನಿಂತು ನೋಡುವಾಗ ಬರೀ ಬಿಳಿ ಗೋಡೆಯಂತೆ ಕಂಡು ಪ್ರವಾಸಿಗರು ಶಪಿಸುತ್ತ ಹೋಗುವ ಆ ಮಂಜಿಗೆ ಒಂದು ಲಯವಿದೆ ಎಂದು ಗೊತ್ತಾಗುವುದೇ ಐದು ಸೆಕೆಂಡಿನ ಅಂತರದಲ್ಲಿ. ಈ ಸುಖವನ್ನು ನಾನು ಬಿಟ್ಟುಕೊಡಲಾರೆ.

ಆದರೆ ಅದೇ ಜಾಗದಿಂದ ವಾರಕ್ಕೊಂದು ಚಿತ್ರ, ವರ್ಷವಿಡೀ ತೆಗೆದರೆ ಕಾಣುವ ಜೋಗ ಬೇರೆ. ಬೇಸಿಗೆಯಲ್ಲಿ ಕಪ್ಪು ಬಂಡೆಯ ಮೇಲೆ ಎಳೆಯಷ್ಟು ನೀರು. ಮಳೆ ಹಿಡಿದ ಮೇಲೂ ಶರಾವತಿಯ ಬಹುಪಾಲು ನೀರು ಮೇಲಿನ ಲಿಂಗನಮಕ್ಕಿಯಲ್ಲಿ ನಿಲ್ಲುತ್ತದೆ. 1964ರಲ್ಲಿ ಮುಗಿದ ಆ ಅಣೆಕಟ್ಟೆಯ ನೀರು ತಳಕಳಲೆಯ ಮೂಲಕ, ದೊಡ್ಡ ಕೊಳವೆಗಳಲ್ಲಿ, ಜಲಪಾತವನ್ನು ಬಳಸಿಕೊಂಡು ವಿದ್ಯುದಾಗಾರಕ್ಕೆ ಇಳಿಯುತ್ತದೆ. ಜಲಾಶಯ 1,819 ಅಡಿಯ ಪೂರ್ಣಮಟ್ಟಕ್ಕೆ ಹತ್ತಿರ ಬಂದು ಗೇಟು ತೆರೆದಾಗ ಮಾತ್ರ ಕ್ಯಾಲೆಂಡರಿನ ಜೋಗ ಮೈದುಂಬುತ್ತದೆ. ಆ ಸಂಭ್ರಮ ಹಿಡಿಯಲು ಹೋಗುವ ಛಾಯಾಗ್ರಾಹಕ ಮೊದಲು ನೋಡುವುದು ಆಕಾಶವನ್ನಲ್ಲ, ಪತ್ರಿಕೆಯ ಜಲಾಶಯ ಮಟ್ಟದ ಕಾಲಂ. ಅಂದರೆ ನಮ್ಮ ಅತಿ ಪ್ರಸಿದ್ಧ ಪ್ರಕೃತಿದೃಶ್ಯ ಒಂದು ಕಚೇರಿಯ ತೀರ್ಮಾನದ ಮೇಲೆ ನಡೆಯುತ್ತದೆ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ನಾಡಿನ ದೀಪಗಳು ಆ ನೀರಿನಿಂದ ಉರಿದಿವೆ. ಅದನ್ನು ಮುಚ್ಚಿಟ್ಟು ಮಂಜನ್ನಷ್ಟೇ ಓಡಿಸುವುದು ಅರ್ಧ ಚಿತ್ರ, ಅಷ್ಟೆ.

ಇನ್ನೂ ದೊಡ್ಡ ಅಂತರ ಇಟ್ಟರೆ ಹಿನ್ನೀರು ಮಾತಾಡತೊಡಗುತ್ತದೆ. ಲಿಂಗನಮಕ್ಕಿಗೂ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೆ ಇತ್ತು. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೂಡಿಡಲು ಕಟ್ಟಿದ್ದು ಅದು. ಹೊಸ ಅಣೆಕಟ್ಟೆ ತುಂಬಿದಾಗ ಹಳೆಯದೂ ಮುಳುಗಿತು. ಹಳ್ಳಿಗಳೂ ತೋಟಗಳೂ ಮುಳುಗಿದವು. ಆ ಸೀಮೆಯಲ್ಲಿ ‘ಮುಳುಗಡೆ’ ಎಂದರೆ ಇವತ್ತಿಗೂ ಬರೀ ನೀರಿನ ವಿಚಾರವಲ್ಲ, ಮನೆಮನೆಯ ಚರಿತ್ರೆ, ಜಮೀನಿನ ಹಕ್ಕುಪತ್ರದ ಜಗಳ. ನೀರು ತೀರಾ ತಗ್ಗಿದ ವರ್ಷಗಳಲ್ಲಿ ಮಡೆನೂರಿನ ಕಟ್ಟೆ ಸೈಫನ್ನುಗಳ ಸಮೇತ ಮತ್ತೆ ತಲೆಯೆತ್ತುತ್ತದೆ, ಜನ ನೋಡಲು ಹೋಗುತ್ತಾರೆ. ಇಲ್ಲಿ ಚಿತ್ರಕ್ಕೂ ಚಿತ್ರಕ್ಕೂ ನಡುವಿನ ಅಂತರ ವರ್ಷಗಳದು. ಇದನ್ನು ತೆಗೆಯಲು ಸ್ಲೈಡರ್ ಬೇಡ, ದುಬಾರಿ ಲೆನ್ಸ್ ಬೇಡ. ನಿಂತ ಜಾಗಕ್ಕೆ ಮತ್ತೆ ಹೋಗಿ ನಿಲ್ಲುವ ಹಟ ಬೇಕು.

ಅಂಥ ಹಟದ ಅತ್ಯುತ್ತಮ ಫಲ ನಮ್ಮಲ್ಲೇ, ಹಂಪಿಯಲ್ಲಿ ಇದೆ. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ವಿಜಯನಗರದ ಅವಶೇಷಗಳನ್ನು ಸೆರೆಹಿಡಿದ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳನ್ನು ಹುಡುಕಿ, ಅವೇ ಕೋನಗಳಿಂದ ಮತ್ತೆ ಚಿತ್ರ ತೆಗೆದರು. ಎರಡೇ ಫ್ರೇಮುಗಳ ಟೈಮ್‌ಲ್ಯಾಪ್ಸ್, ನಡುವೆ 127 ವರ್ಷ. ವಿಠ್ಠಲ ದೇವಾಲಯದ ಕಲ್ಲಿನ ರಥ ಎಂದು ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ನಾವು ನೋಡುವ ಆಕಾರಕ್ಕೆ ಗ್ರೀನ್‌ಲಾನ ಚಿತ್ರದಲ್ಲಿ ಮೇಲೆ ಇಟ್ಟಿಗೆಯ ಗೋಪುರವಿದೆ. ಅನಾದಿಯಿಂದ ಹೀಗೇ ಇತ್ತು ಎಂದು ನಾವು ತಿಳಿದಿದ್ದ ಲಾಂಛನ ಈಚಿನದು ಎಂದಾಯಿತು. ಹಾಳೂರು ಎಂದರೆ ಕಾಲ ಕಳೆದಂತೆ ಹಾಳಾಗುತ್ತ ಹೋಗುವುದು ಎಂಬ ಗ್ರಹಿಕೆಯೂ ಅಲ್ಲಿ ಕುಸಿಯುತ್ತದೆ. ಗಿಡಗಂಟಿ ಬೆಳೆದು ಮುಚ್ಚಿದ್ದ ಎಷ್ಟೋ ಜಾಗಗಳು ಎರಡನೆಯ ಚಿತ್ರದಲ್ಲಿ ತೆರವಾಗಿ, ಒಪ್ಪವಾಗಿವೆ. ಹಾಳಿಗೂ ನಿರ್ವಹಣೆಯಿದೆ, ಅದಕ್ಕೂ ಅಭಿರುಚಿಯಿದೆ.

ಹಾಗೆಂದು ಎರಡು ಚಿತ್ರಗಳ ಜೋಡಿಯೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ‘ಆಗ’ ಮತ್ತು ‘ಈಗ’ ಅಕ್ಕಪಕ್ಕ ಇಟ್ಟಕೂಡಲೇ ನೋಡುಗ ನಡುವಿನ ಕಥೆಯನ್ನು ತಾನೇ ಹೆಣೆದುಕೊಳ್ಳುತ್ತಾನೆ, ಸಾಮಾನ್ಯವಾಗಿ ತನಗೆ ಮೊದಲೇ ಒಪ್ಪಿಗೆಯಾದ ಕಥೆಯನ್ನು. ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಜನ ಬಂದು ನೆಲೆಸಿ, ಅಂಗಡಿ ಇಟ್ಟು, ಮಕ್ಕಳನ್ನು ಬೆಳೆಸಿದರು. 2011ರ ಜುಲೈನಲ್ಲಿ ಅವರ ಮನೆ ಅಂಗಡಿಗಳನ್ನು ಕೆಡವಿ ಎಬ್ಬಿಸಲಾಯಿತು. 1856ರ ಖಾಲಿ ಬಜಾರನ್ನೂ ತೆರವಾದ ಮೇಲಿನ ಬಜಾರನ್ನೂ ಪಕ್ಕಪಕ್ಕ ಇಟ್ಟರೆ ಅಲ್ಲಿ ಯಾರೂ ಎಂದೂ ಬಾಳಿರಲೇ ಇಲ್ಲ ಎಂದು ಧಾರಾಳವಾಗಿ ನಂಬಬಹುದು. ಎರಡು ಸೆಕೆಂಡಿನ ಅಂತರ ನಾಟಿ ಹೆಂಗಸರನ್ನು ಹಾಸ್ಯವಾಗಿಸಿತು; ಒಂದೂವರೆ ಶತಮಾನದ ಅಂತರ ಒಂದು ಇಡೀ ಬಡಾವಣೆಯನ್ನು ನುಂಗಿತು. ಉದ್ದದ ಅಂತರ ಚಿಕ್ಕದಕ್ಕಿಂತ ತಾನಾಗಿಯೇ ಹೆಚ್ಚು ಸತ್ಯವೆಂದು ನಾನು ಹೇಳುತ್ತಿಲ್ಲ. ಒಂದೇ ಜಾಗಕ್ಕೆ ಒಂದಕ್ಕಿಂತ ಹೆಚ್ಚು ಅಂತರಗಳು ಬೇಕು, ಒಂದು ಅಳಿಸಿದ್ದನ್ನು ಇನ್ನೊಂದು ಬರೆಯುವಂತೆ.

ಹಿಮನದಿಗಳ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಛಾಯಾಗ್ರಾಹಕ ಜೇಮ್ಸ್ ಬಾಲಗ್ 2007ರಲ್ಲಿ ‘ಎಕ್ಸ್‌ಟ್ರೀಮ್ ಐಸ್ ಸರ್ವೆ’ ಶುರುಮಾಡಿ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಅಲಾಸ್ಕಗಳ ಬಂಡೆಗಳಿಗೆ ಕ್ಯಾಮೆರಾಗಳನ್ನು ಬಿಗಿದು, ಹಗಲು ಹೊತ್ತೆಲ್ಲ ಚಿತ್ರ ತೆಗೆಯುತ್ತ ವರ್ಷಗಟ್ಟಲೆ ಬಿಟ್ಟರು. 2012ರ ‘ಚೇಸಿಂಗ್ ಐಸ್’ ಸಾಕ್ಷ್ಯಚಿತ್ರ ಆ ಕೆಲಸದ ಕಥೆ. ಅದರಲ್ಲಿ ಎಲ್ಲರಿಗೂ ನೆನಪಿರುವುದು ಇಲುಲಿಸಾಟ್ ಹಿಮನದಿಯ ಅಂಚು ಮುರಿದುಬೀಳುವ ದೃಶ್ಯ. ಅದು ಟೈಮ್‌ಲ್ಯಾಪ್ಸ್ ಅಲ್ಲ, 75 ನಿಮಿಷ ನಡೆದ ಘಟನೆಯ ವಿಡಿಯೊ. ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಸಮುದ್ರ ಸೇರುವ ಹಿಮನದಿಯ ಅಂಚು ಮುರಿಯುವುದು ಹವಾಮಾನ ಬದಲಾಗದಿದ್ದರೂ ನಡೆಯುವಂಥದೇ. ಹವಾಮಾನ ಬದಲಾಗುತ್ತಿದೆ ಎಂಬ ವಾದಕ್ಕೆ ಪುರಾವೆ ಆಗುವುದು ಅದೇ ಚಿತ್ರದ ಇನ್ನೊಂದು, ಅಷ್ಟು ರೋಚಕವಲ್ಲದ ಭಾಗ: ವರ್ಷದಿಂದ ವರ್ಷಕ್ಕೆ ಹಿಮದ ಅಂಚು ಕಣಿವೆಯೊಳಗೆ ಹಿಂದೆ ಸರಿಯುತ್ತ, ಕೊನೆಗೆ ಚೌಕಟ್ಟಿನಿಂದಲೇ ಹೊರಹೋಗುವುದು. ಕ್ಯಾಮೆರಾವನ್ನು ತಿರುಗಿಸಿ ಇಡಬೇಕಾಗಿ ಬರುತ್ತದೆ. ಜನಪ್ರಿಯತೆಯಲ್ಲಿ ಘಟನೆ ಗೆಲ್ಲುತ್ತದೆ, ಪುರಾವೆಯಲ್ಲಿ ಬೇಸರ ತರಿಸುವ ಅಂತರ ಗೆಲ್ಲುತ್ತದೆ.

ಉಪಗ್ರಹ ಇದನ್ನೆಲ್ಲ ಮಾಡುತ್ತಿಲ್ಲವೇ ಎಂದು ಯಾರಾದರೂ ಕೇಳಬಹುದು. 1972ರಿಂದ ಲ್ಯಾಂಡ್‌ಸ್ಯಾಟ್ ಸರಣಿಯ ಉಪಗ್ರಹಗಳು ಭೂಮಿಯನ್ನು ಚಿತ್ರಿಸುತ್ತಿವೆ; ಈಗಿನವು ಹದಿನಾರು ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತವೆ. ಬೆಂಗಳೂರು ಹಬ್ಬಿದ್ದು, ಕೆರೆಗಳು ಕುಗ್ಗಿದ್ದು ಅದರಲ್ಲಿ ಕಾಣುತ್ತದೆ. ಅಳತೆಗೆ ಅದು ಸಾಕು. ಆದರೆ ಮೇಲಿನಿಂದ ಕಾಣುವ ನೆಲ ಯಾರೂ ನಿಂತಿರದ ಕಡೆಯಿಂದ ಕಂಡ ನೆಲ. ನೆಲನೋಟ ಎಂದರೆ ಅಲ್ಲಿ ನಿಂತವರ ಎತ್ತರ, ಅವರಿಗೆ ಅಡ್ಡ ಬರುವ ಮರ, ಅವರಿಗೆ ಕಾಣದೆ ಹೋದ ಊರು. ಆ ಕೆಲಸ ನೆಲದ ಮೇಲಿನ ಕ್ಯಾಮೆರಾದ್ದೇ.

ಅದಕ್ಕೆ ಮೊದಲ ಹೆಜ್ಜೆ ತೀರಾ ಸಾಮಾನ್ಯವಾದದ್ದು: ಟೈಮ್‌ಲ್ಯಾಪ್ಸ್‌ನ ಕೆಳಗೆ ಜಾಗದ ಹೆಸರಿನ ಜೊತೆ ಅಂತರವನ್ನೂ ಒಟ್ಟು ಅವಧಿಯನ್ನೂ ಬರೆಯುವುದು. ದೊಡ್ಡವರೂ ಈ ವಿಷಯದಲ್ಲಿ ಅಸಡ್ಡೆ ತೋರಿದ್ದಾರೆ. ಆನ್ಸೆಲ್ ಆಡಮ್ಸ್ ಅವರ ‘ಮೂನ್‌ರೈಸ್, ಹರ್ನಾಂಡೆಸ್’ ಪ್ರಪಂಚದ ಅತಿ ಪ್ರಸಿದ್ಧ ನೆಲನೋಟಗಳಲ್ಲಿ ಒಂದು. ಎಕ್ಸ್‌ಪೋಷರ್ ಮೀಟರ್ ಕೈಗೆ ಸಿಗದಿದ್ದಾಗ ಚಂದ್ರನ ಹೊಳಪಿನ ಅಂಕಿಯನ್ನು ನೆನಪಿನಿಂದ ತೆಗೆದು ಲೆಕ್ಕ ಹಾಕಿದ ಮನುಷ್ಯ, ಅದನ್ನು ಯಾವ ವರ್ಷ ತೆಗೆದೆನೆಂಬುದನ್ನೇ ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ಹೇಳಿದರು. ಕೊನೆಗೆ ಖಗೋಳ ಬಲ್ಲವರು ಚಂದ್ರನ ಸ್ಥಾನ ಅಳೆದು 1941ರ ನವೆಂಬರ್ 1ರ ಸಂಜೆ ಎಂದು ಗೊತ್ತುಮಾಡಬೇಕಾಯಿತು. ನಮ್ಮ ಕ್ಯಾಮೆರಾಗಳು ದಿನಾಂಕವನ್ನು ತಾವೇ ಬರೆದುಕೊಳ್ಳುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಎರಡು ಸಲ ದಾಟುವಷ್ಟರಲ್ಲಿ ಅದು ಅಳಿಸಿಹೋಗಿರುತ್ತದೆ.

ಎರಡನೆಯ ಹೆಜ್ಜೆ ತುಸು ಖರ್ಚಿನದು, ಆದರೆ ದೊಡ್ಡ ಖರ್ಚಿನದಲ್ಲ. 2017ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಕಡಲತೀರಗಳಲ್ಲಿ ‘ಕೋಸ್ಟ್‌ಸ್ನ್ಯಾಪ್’ ಎಂಬ ಯೋಜನೆ ಶುರುವಾಯಿತು. ತೀರ ಕಾಣುವ ಕಡೆ ಮೊಬೈಲ್ ಇಡಲು ಉಕ್ಕಿನ ಒಂದು ತೊಟ್ಟಿಲು ನೆಟ್ಟಿರುತ್ತಾರೆ. ಬಂದವರು ಫೋನನ್ನು ಅದರಲ್ಲಿಟ್ಟು ಚಿತ್ರ ತೆಗೆದು ಕಳಿಸುತ್ತಾರೆ. ಕೋನ ಒಂದೇ ಆದ್ದರಿಂದ ಯಾರ ಯಾರದೋ ಚಿತ್ರಗಳಿಂದ ದಡ ಎಷ್ಟು ಸರಿಯಿತೆಂದು ಲೆಕ್ಕ ಹಾಕಲು ಬರುತ್ತದೆ. ಪ್ರತಿ ಮಳೆಗಾಲದಲ್ಲೂ ಕಡಲು ಕೊರೆಯುವ ಉಳ್ಳಾಲದಲ್ಲಿ, ಲಿಂಗನಮಕ್ಕಿಯ ಹಿನ್ನೀರಿನ ದಡದಲ್ಲಿ, ಕೊಡಗಿನ ಜಾರಿದ ಇಳಿಜಾರಿನ ಎದುರು, ಸಂಡೂರಿನ ಬೆಟ್ಟದ ಮುಂದೆ ಇಂಥ ಒಂದೊಂದು ತೊಟ್ಟಿಲು ನಿಲ್ಲಿಸಲು ಒಂದು ಕಾಲೇಜಿನ ಭೂಗೋಳ ವಿಭಾಗ ಸಾಕು. ಜೋಗದಲ್ಲಂತೂ ನೋಡುಕಟ್ಟೆ ಇದ್ದೇ ಇದೆ, ಫೋನು ಹಿಡಿದವರಿಗೆ ಬರವೇ ಇಲ್ಲ. ಈಗ ಅವರೆಲ್ಲ ಜಲಪಾತಕ್ಕೆ ಬೆನ್ನು ಮಾಡಿ ನಿಂತು ಚಿತ್ರ ತೆಗೆದುಕೊಳ್ಳುತ್ತಿದ್ದಾರೆ. ಅವರಲ್ಲಿ ಹತ್ತರಲ್ಲೊಬ್ಬರು ಫೋನನ್ನು ಒಮ್ಮೆ ಅಂಥ ತೊಟ್ಟಿಲಿನಲ್ಲಿ ಇಟ್ಟರೂ ಗೇಟು ತೆರೆದ ದಿನ, ಮುಚ್ಚಿದ ದಿನ, ಬಂಡೆ ಒಣಗಿದ ತಿಂಗಳು ಎಲ್ಲವೂ ಸೇರಿದ, ನಮ್ಮಂಥ ಕಸುಬಿನವರು ಒಬ್ಬೊಬ್ಬರಾಗಿ ಎಷ್ಟು ಕಾದರೂ ಮಾಡಲಾಗದ ಜೋಗದ ಒಂದು ವರ್ಷ ಸಿಗುತ್ತದೆ. ಅದರಲ್ಲಿ ಬೆಳಕು ಒಂದೇ ಸಮ ಇರುವುದಿಲ್ಲ, ದಿಗಂತ ತುಸು ವಾಲಿರುತ್ತದೆ, ಅಂಚಿನಲ್ಲಿ ಯಾರದೋ ಕೊಡೆಯೋ ಕೈಬೆರಳೋ ಬಂದಿರುತ್ತದೆ. ಸಾಫ್ಟ್‌ವೇರಿನಲ್ಲಿ ಅವನ್ನು ಒರೆಸಿಹಾಕುವುದು ಸುಲಭ. ನನ್ನನ್ನು ಕೇಳಿದರೆ ಕೊಡೆಗಳನ್ನು ಹಾಗೇ ಬಿಡಬೇಕು.